ಪೌರತ್ವ ಬಿಟ್ಟವರು, ಕೊಂಡವರು, ಕಳೆದುಕೊಂಡವರು

2025ರ ಮಾರ್ಚ್ 7ರಂದು ವಿದೇಶಾಂಗ ಸಚಿವಾಲಯದ ವಕ್ತಾರರು ಒಂದು ಸುದ್ದಿಯನ್ನು ಖಚಿತಪಡಿಸಿದರು. ಐಪಿಎಲ್‌ನ ಮಾಜಿ ಮುಖ್ಯಸ್ಥ ಲಲಿತ್ ಮೋದಿ ತಮ್ಮ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಲು ಲಂಡನ್ನಿನ ಹೈಕಮಿಷನ್‌ಗೆ ಅರ್ಜಿ ಹಾಕಿದ್ದರು. ಪೆಸಿಫಿಕ್ ಸಾಗರದ ವನವಾಟು ಎಂಬ ಪುಟ್ಟ ದ್ವೀಪರಾಷ್ಟ್ರದ ಪೌರತ್ವ ಪಡೆದಿದ್ದರು. ಮೂರೇ ದಿನಕ್ಕೆ ವನವಾಟುವಿನ ಪ್ರಧಾನಿ ಜೋಥಮ್ ನಪಾಟ್ ಆ ಪಾಸ್‌ಪೋರ್ಟನ್ನು ರದ್ದು ಮಾಡುವಂತೆ ತಮ್ಮ ಪೌರತ್ವ ಆಯೋಗಕ್ಕೆ ಸೂಚಿಸಿದರು. ಹಸ್ತಾಂತರದಿಂದ, ಅಂದರೆ ಆರೋಪಿಯನ್ನು ವಿಚಾರಣೆಗೆಂದು ಕೇಳಿದ ದೇಶಕ್ಕೆ ಒಪ್ಪಿಸುವುದರಿಂದ, ತಪ್ಪಿಸಿಕೊಳ್ಳುವುದು ನಮ್ಮ ದೇಶದ ಪೌರತ್ವ ಕೇಳಲು ಯೋಗ್ಯ ಕಾರಣವಲ್ಲ ಎಂಬುದು ಅವರ ಮಾತು.

ಅತ್ತ ಹೊಸದು ಕೈಬಿಡುತ್ತಿದೆ, ಇತ್ತ ಹಳೆಯದನ್ನು ಒಪ್ಪಿಸಲು ಅರ್ಜಿ ಹೋಗಿದೆ. ಹಾಗಾದರೆ ಅವರೀಗ ಯಾವ ದೇಶದವರು? ಯಾವ ದೇಶದವರೂ ಅಲ್ಲದಿದ್ದರೆ ಲಂಡನ್ನಿನಲ್ಲಿ ಇರುವುದು ಹೇಗೆ? ನಟ ಅಕ್ಷಯ್ ಕುಮಾರ್ ಕೆನಡಾದವರಾಗಿ ಮತ್ತೆ ಭಾರತೀಯರಾದಾಗ, ಕನ್ನಡ ನಟ ಚೇತನ್ ಅವರ ಒಸಿಐ ಕಾರ್ಡ್ (ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ರದ್ದಾದಾಗ, ಅಮೆರಿಕದ ರಹಸ್ಯ ಬೇಹುಗಾರಿಕೆಯನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ರಷ್ಯಾದ ಪ್ರಜೆಯಾದಾಗ ಎದ್ದದ್ದೂ ಇಂಥದೇ ಪ್ರಶ್ನೆ. ಬೇರೆ ಬೇರೆ ನಾಲ್ಕು ಕಾಗದಪತ್ರಗಳಿಗೆ ನಾವು ‘ಪೌರತ್ವ’ ಎಂಬ ಒಂದೇ ಹೆಸರು ಇಟ್ಟುಕೊಂಡಿರುವುದರಿಂದ ಹುಟ್ಟಿದ ಗೊಂದಲ ಇದು. ಅವನ್ನು ಬಿಡಿಸಿ ನೋಡಿದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಭಾರತದ ಏಕಪೌರತ್ವದ ನಿಯಮ ಕಾಗದದ ಮೇಲೆ ಎಲ್ಲರಿಗೂ ಒಂದೇ ಆದರೂ ಹಣವಂತರಿಗೆ ಅದರ ಬಿಸಿ ತಟ್ಟುವುದು ಕಡಿಮೆ. ತಟ್ಟುವುದು ಹೊರಗಿದ್ದು ಇಲ್ಲಿನ ಸರ್ಕಾರವನ್ನು ಟೀಕಿಸಿದವರಿಗೆ.

ಪಾಸ್‌ಪೋರ್ಟ್ ರದ್ದಾದರೂ ಮನೆ ಖಾಲಿ ಮಾಡಬೇಕಿಲ್ಲ

ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ 2016ರ ಮಾರ್ಚ್ 2ರಂದು ದೇಶ ಬಿಟ್ಟರು. ಏಪ್ರಿಲ್‌ನಲ್ಲಿ ಭಾರತ ಅವರ ಪಾಸ್‌ಪೋರ್ಟ್ ರದ್ದು ಮಾಡಿ, ಅವರನ್ನು ಹೊರಗೆ ಕಳಿಸಿಕೊಡಿ ಎಂದು ಬ್ರಿಟನ್ನನ್ನು ಕೇಳಿತು. ಮೇ ತಿಂಗಳಲ್ಲಿ ಬಂದ ಉತ್ತರ ಇಡೀ ವಿಷಯವನ್ನು ಅರ್ಥ ಮಾಡಿಕೊಳ್ಳಲು ಸಾಕು: ಬ್ರಿಟನ್ನಿನ 1971ರ ವಲಸೆ ಕಾಯ್ದೆಯ ಪ್ರಕಾರ, ಒಬ್ಬರಿಗೆ ದೇಶದೊಳಗೆ ಬರಲು ಅಥವಾ ಇರಲು ಅನುಮತಿ ಸಿಕ್ಕ ದಿನ ಪಾಸ್‌ಪೋರ್ಟ್ ಊರ್ಜಿತವಾಗಿದ್ದರೆ ಆಯಿತು, ಆ ಅನುಮತಿ ಚಾಲ್ತಿಯಲ್ಲಿರುವ ತನಕ ಪಾಸ್‌ಪೋರ್ಟ್ ಇಲ್ಲದಿದ್ದರೂ ಅವರು ಅಲ್ಲಿ ಇರಬಹುದು. ಬೇಕಿದ್ದರೆ ಹಸ್ತಾಂತರಕ್ಕೆ ಅರ್ಜಿ ಹಾಕಿ ಎಂದು ಬ್ರಿಟನ್ ಹೇಳಿತು. ಭಾರತ ಹಾಕಿತು. 2018ರ ಡಿಸೆಂಬರ್‌ನಲ್ಲಿ ಕೆಳಗಿನ ಕೋರ್ಟ್ ಒಪ್ಪಿತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಮೇಲ್ಮನವಿಯನ್ನು ತಳ್ಳಿಹಾಕಿತು. ಆಮೇಲೆ ‘ಗೋಪ್ಯ ಕಾನೂನು ಪ್ರಕ್ರಿಯೆ ಬಾಕಿ ಇದೆ’ ಎಂಬ ಒಂದೇ ಮಾತಿನಲ್ಲಿ ವರ್ಷಗಳು ಉರುಳಿದವು.

ಆ ನಾಲ್ಕು ಕಾಗದಗಳಲ್ಲಿ ಮೊದಲನೆಯದು ಪಾಸ್‌ಪೋರ್ಟ್, ಅಂದರೆ ತವರಿನ ಕಾಗದ. ತವರಿನವರು ಯಾವಾಗ ಬೇಕಾದರೂ, ಪಾಸ್‌ಪೋರ್ಟ್ ಕಾಯ್ದೆಯ ಕಾರಣಗಳನ್ನು ತೋರಿಸಿ, ವಾಪಸ್ ಪಡೆಯಬಹುದು. ಎರಡನೆಯದಾದ ವಾಸದ ಅನುಮತಿ ಮಾತ್ರ ಇರಗೊಟ್ಟ ದೇಶದ ಮಾತು. ಅದರ ಮೇಲೆ ತವರಿಗೆ ಅಧಿಕಾರವಿಲ್ಲ. ಮೂರನೆಯದು ಪೌರತ್ವ. ಪಾಸ್‌ಪೋರ್ಟ್ ಹೋದ ಮಾತ್ರಕ್ಕೆ ಇದು ಹೋಗುವುದಿಲ್ಲ. ಮಲ್ಯರ ಪಾಸ್‌ಪೋರ್ಟ್ ರದ್ದಾದಾಗ ಅವರ ಭಾರತೀಯ ಪೌರತ್ವ ರದ್ದಾಗಲಿಲ್ಲ. ನಾಲ್ಕನೆಯದು ತೆರಿಗೆಯ ನಿವಾಸ. ಅದರ ಲೆಕ್ಕವೇ ಬೇರೆ, ಮುಂದೆ ನೋಡೋಣ.

ಇದೇ ಅಳತೆಯಿಂದ ಢಾಕಾದ ಸುದ್ದಿಯನ್ನೂ ನೋಡಬಹುದು. ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ 2024ರ ಆಗಸ್ಟ್ 5ರಂದು ದೆಹಲಿಯ ಬಳಿ ಬಂದಿಳಿದರು. 2025ರ ಜನವರಿಯಲ್ಲಿ ಬಾಂಗ್ಲಾದೇಶ ಅವರ ಪಾಸ್‌ಪೋರ್ಟ್ ರದ್ದು ಮಾಡಿತು. ಅದಕ್ಕಾಗಿ ಅವರು ಭಾರತ ಬಿಡಬೇಕಾಗಲಿಲ್ಲ. ಇರಗೊಟ್ಟವರು ಬೇರೆ, ಪಾಸ್‌ಪೋರ್ಟ್ ಕೊಟ್ಟವರು ಬೇರೆ.

ಗೋಲ್ಡನ್ ವೀಸಾ ಕೂಡ ಎರಡನೆಯ ಬಗೆಯದು, ವಾಸದ ಅನುಮತಿ. ಶಾರುಕ್ ಖಾನ್, ಸಂಜಯ್ ದತ್, ಮಮ್ಮೂಟ್ಟಿ, ಮೋಹನ್‌ಲಾಲ್ ಇವರಿಗೆಲ್ಲ ಯುಎಇ ಕೊಟ್ಟಿದ್ದು ಹತ್ತು ವರ್ಷದ, ನವೀಕರಿಸಬಹುದಾದ ಪರವಾನಗಿ. ಅವರ ಪಾಸ್‌ಪೋರ್ಟ್ ಭಾರತದ್ದೇ, ವೋಟೂ ಇಲ್ಲೇ. ‘ದುಬೈ ಪೌರತ್ವ ಪಡೆದ ನಟ’ ಎಂಬ ಶೀರ್ಷಿಕೆ ಕಂಡರೆ ನಂಬಬೇಡಿ. 2025ರ ಜುಲೈನಲ್ಲಿ ಒಂದು ಲಕ್ಷ ದಿರ್ಹಮ್, ಅಂದರೆ ಸುಮಾರು 23 ಲಕ್ಷ ರೂಪಾಯಿ ಕಟ್ಟಿದರೆ ಭಾರತೀಯರಿಗೆ ಜೀವಮಾನದ ಗೋಲ್ಡನ್ ವೀಸಾ ಸಿಗುತ್ತದೆ ಎಂಬ ಸುದ್ದಿ ವಾಟ್ಸಾಪ್ ತುಂಬ ಹರಿದಾಡಿತು. ಯುಎಇಯ ಪ್ರಾಧಿಕಾರವೇ ಅದು ಸುಳ್ಳು ಎಂದು ಹೇಳಿಕೆ ಕೊಡಬೇಕಾಯಿತು.

ಪ್ರಮಾಣವಚನದ ದಿನವೇ ಮುಗಿಯುತ್ತದೆ

ಭಾರತೀಯರೊಬ್ಬರು ಪೌರತ್ವ ಕಳೆದುಕೊಳ್ಳಲು 1955ರ ಪೌರತ್ವ ಕಾಯ್ದೆಯಲ್ಲಿ ಮೂರು ದಾರಿಗಳಿವೆ. ಸೆಕ್ಷನ್ 8ರ ಪ್ರಕಾರ ತಾವೇ ಘೋಷಣೆ ಬರೆದುಕೊಟ್ಟು ಬಿಡುವುದು. ಸೆಕ್ಷನ್ 9ರ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣ ತಾನಾಗಿಯೇ ಹೋಗುವುದು. ಸೆಕ್ಷನ್ 10ರ ಪ್ರಕಾರ ಸರ್ಕಾರ ಕಿತ್ತುಕೊಳ್ಳುವುದು. ಇದು ನೋಂದಣಿ ಅಥವಾ ದೇಶೀಕರಣದಿಂದ (ವಿದೇಶಿಯರು ಇಲ್ಲಿ ಬಹುಕಾಲ ನೆಲೆಸಿ ಅರ್ಜಿ ಹಾಕಿ ಪೌರರಾಗುವುದು) ಪೌರರಾದವರಿಗೆ ಅನ್ವಯಿಸುತ್ತದೆಯೇ ಹೊರತು ಇಲ್ಲಿ ಹುಟ್ಟಿನಿಂದ ಪೌರರಾದವರಿಗಲ್ಲ.

ವಿದೇಶಕ್ಕೆ ಹೋದವರಲ್ಲಿ ಬಹುಪಾಲು ಜನರದು ಎರಡನೆಯ ದಾರಿ. ಅಮೆರಿಕದಲ್ಲಿ ಬಲಗೈ ಎತ್ತಿ ಪ್ರಮಾಣವಚನ ಸ್ವೀಕರಿಸಿದ ದಿನವೇ ಭಾರತೀಯ ಪೌರತ್ವ ಮುಗಿಯಿತು. ಅದಕ್ಕೆ ದೆಹಲಿಯ ಆದೇಶ ಬೇಕಿಲ್ಲ, ಬೀರುವಿನಲ್ಲಿ ಹಳೆಯ ನೀಲಿ ಪಾಸ್‌ಪೋರ್ಟ್ ಇನ್ನೂ ಆರು ವರ್ಷ ಊರ್ಜಿತವಾಗಿದ್ದರೂ ವ್ಯತ್ಯಾಸವಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿರುವುದೇ ಸ್ವಇಚ್ಛೆಗೆ ನಿರ್ಣಾಯಕ ಸಾಕ್ಷಿ ಎಂದು ಪೌರತ್ವ ನಿಯಮಗಳು ಹೇಳುತ್ತವೆ. 2022ರಲ್ಲಿ 2,25,620 ಮಂದಿ, 2024ರಲ್ಲಿ 2,06,378 ಮಂದಿ ಭಾರತೀಯ ಪೌರತ್ವ ತೊರೆದರು ಎಂದು ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕ ಇಂಥವರದು. ಪತ್ರಿಕೆಗಳ ಮುಖಪುಟಕ್ಕೆ ಬರುವ ನಾಲ್ಕೈದು ಹೆಸರುಗಳು ಇದರಲ್ಲಿ ಸಾಸಿವೆಯಷ್ಟು.

ಆಮೇಲಿನ ಕ್ರಮ ಹೀಗೆ: ಮೊದಲು ಹೊಸ ದೇಶದ ಪಾಸ್‌ಪೋರ್ಟ್. ಅದು ಬಂದ ಮೇಲೆ ಭಾರತೀಯ ಪಾಸ್‌ಪೋರ್ಟನ್ನು ಕಾನ್ಸುಲೇಟಿಗೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು. ಆ ಸರ್ಟಿಫಿಕೇಟ್ ಮತ್ತು ರದ್ದಾದ ಹಳೆಯ ಪಾಸ್‌ಪೋರ್ಟಿನ ಪ್ರತಿ ಇಟ್ಟು ಒಸಿಐ ಕಾರ್ಡಿಗೆ ಅರ್ಜಿ. ಕೆಡುವುದು ಎರಡು ಕಡೆ. ಒಂದು, ತುರ್ತಾಗಿ ಊರಿಗೆ ಬರಬೇಕಾಗಿ, ಒಸಿಐ ಇನ್ನೂ ಕೈಸೇರದೆ, ಹಳೆಯ ಭಾರತೀಯ ಪಾಸ್‌ಪೋರ್ಟ್ ತೋರಿಸಿ ಒಳಬರುವುದು. ಇದು ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅಪರಾಧ. ಮೂರು ವರ್ಷ ಮೀರಿ ಒಪ್ಪಿಸದೆ ಇಟ್ಟುಕೊಂಡಿದ್ದಕ್ಕೂ, ಹಾಗೆ ಪ್ರಯಾಣ ಮಾಡಿದ್ದಕ್ಕೂ ಬೇರೆ ಬೇರೆ ದಂಡ ಬೀಳುತ್ತದೆ. ಎರಡು, ನಮ್ಮ ಕಡೆಯ ಹೆಸರುಗಳು. ಊರ ಹೆಸರು, ಅಪ್ಪನ ಹೆಸರು, ಸ್ವಂತ ಹೆಸರು ಸೇರಿ ಭಾರತೀಯ ಪಾಸ್‌ಪೋರ್ಟಿನಲ್ಲಿ ಒಂದು ರೀತಿ ಬಂದಿರುತ್ತದೆ. ಅಲ್ಲಿ ಪೌರತ್ವದ ವೇಳೆ ಅದನ್ನೇ ಮೊಟಕು ಮಾಡಿ ಇನ್ನೊಂದು ರೀತಿ ಬರೆಸಿರುತ್ತಾರೆ. ಎರಡೂ ತಾಳೆಯಾಗದಿದ್ದರೆ ಒಸಿಐ ಅರ್ಜಿ ಅಲ್ಲಿಗೇ ನಿಲ್ಲುತ್ತದೆ, ಹೆಸರು ಬದಲಾವಣೆಯ ದಾಖಲೆಗೆ ಓಡಾಟ ಶುರು.

ಲಲಿತ್ ಮೋದಿಯವರ ಪ್ರಶ್ನೆಗೆ ಉತ್ತರದ ಕೀಲಿಯೂ ಈ ಸೆಕ್ಷನ್ 9ರಲ್ಲೇ ಇದೆ. ವಿದೇಶಿ ಪೌರತ್ವ ಪಡೆದ ಕ್ಷಣ ಭಾರತದ್ದು ಹೋಗುತ್ತದೆ; ಆ ವಿದೇಶಿ ಪೌರತ್ವ ಆಮೇಲೆ ರದ್ದಾದರೆ ಭಾರತದ್ದು ತಾನಾಗಿ ಮರಳಿ ಬರುತ್ತದೆ ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹೋದದ್ದು ಬೇಕೆಂದರೆ ಹೊಸದಾಗಿ ನೋಂದಣಿಗೆ ಅರ್ಜಿ ಹಾಕಬೇಕು. ಹೀಗೆ ನಡುವೆ ಸಿಕ್ಕಿಕೊಂಡವರಿಗೆ ‘ರಾಷ್ಟ್ರರಹಿತ’ ಎಂಬ ಹೆಸರಿದೆ. ರಾಷ್ಟ್ರರಹಿತತೆಯನ್ನು ತಡೆಯುವ 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಕೊಂಡ ಪಾಸ್‌ಪೋರ್ಟ್ ಕೊಡುವುದು ಏನನ್ನು?

ವನವಾಟುವಿನ ಪೌರತ್ವಕ್ಕೆ ಒಬ್ಬರಿಗೆ ಸುಮಾರು 1.3 ಲಕ್ಷ ಡಾಲರ್. ಕೆರಿಬಿಯನ್ ದ್ವೀಪಗಳಲ್ಲಿ ಈಗ 2 ಲಕ್ಷ ಡಾಲರಿನಿಂದ ಮೇಲೆ. ಅಲ್ಲಿ ಹೋಗಿ ವಾಸಿಸಬೇಕಿಲ್ಲ, ಭಾಷೆ ಕಲಿಯಬೇಕಿಲ್ಲ. ಕೊಳ್ಳುವವರಿಗೆ ಬೇಕಿರುವುದು ಆ ದ್ವೀಪವಲ್ಲ, ಆ ಪಾಸ್‌ಪೋರ್ಟ್ ಹಿಡಿದು ವೀಸಾ ಇಲ್ಲದೆ ಹೋಗಬಹುದಾದ ದೇಶಗಳ ಪಟ್ಟಿ. ಆದರೆ ಆ ಪಟ್ಟಿ ಇರುವುದು ಮಾರುವವರ ಕೈಯಲ್ಲಲ್ಲ. ವನವಾಟು ಪ್ರಜೆಗಳಿಗಿದ್ದ ವೀಸಾ ವಿನಾಯಿತಿಯನ್ನು ಬ್ರಿಟನ್ 2023ರ ಜುಲೈನಲ್ಲಿ ಕಿತ್ತುಹಾಕಿತು. ಮೊದಲೇ ತಡೆಹಿಡಿದಿದ್ದ ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್‌ನಲ್ಲಿ ಪೂರ್ತಿ ರದ್ದು ಮಾಡಿತು. ಕೊಂಡವರ ಕೈಯಲ್ಲಿ ಪುಸ್ತಕ ಉಳಿಯಿತು, ಅದರ ಬೆಲೆ ಇಳಿಯಿತು. ಮಾಲ್ಟಾದ ಕಥೆ ಇನ್ನೂ ಮುಂದೆ ಹೋಯಿತು: ಹಣಕ್ಕೆ ಪೌರತ್ವ ಕೊಡುವ ಅದರ ಯೋಜನೆಯೇ ಒಕ್ಕೂಟದ ಕಾನೂನಿಗೆ ವಿರುದ್ಧ ಎಂದು 2025ರ ಏಪ್ರಿಲ್ 29ರಂದು ಯುರೋಪಿನ ಉನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು.

ಹೊಸ ಪೌರತ್ವ ಪಡೆದರೆ ಹಸ್ತಾಂತರದಿಂದ ರಕ್ಷಣೆ ಸಿಗುತ್ತದೆ ಎಂಬುದು ಜನಪ್ರಿಯ ನಂಬಿಕೆ. ಅರ್ಧ ನಿಜ, ಅದೂ ಕೆಲವು ದೇಶಗಳಲ್ಲಿ ಮಾತ್ರ. ಫ್ರಾನ್ಸಿನಂಥ ಕೆಲವು ರಾಷ್ಟ್ರಗಳು ತಮ್ಮ ಪ್ರಜೆಗಳನ್ನು ಹೊರದೇಶಕ್ಕೆ ಒಪ್ಪಿಸುವುದಿಲ್ಲ. ಬ್ರಿಟನ್ ಒಪ್ಪಿಸುತ್ತದೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆಯ ಆರೋಪಿ ಮೆಹುಲ್ ಚೋಕ್ಸಿ 2018ರ ಜನವರಿಯಲ್ಲಿ ದೇಶ ಬಿಡುವ ಹೊತ್ತಿಗೆ ಆಂಟಿಗುವಾದ ಪೌರತ್ವ ಮಂಜೂರಾಗಿತ್ತು, ಅದೇ ತಿಂಗಳು ಪ್ರಮಾಣವಚನವೂ ಆಯಿತು. ಆಂಟಿಗುವಾದಲ್ಲಿ ಇದ್ದಷ್ಟು ದಿನ ಅದು ಉಪಯೋಗಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ ಬಂಧನವಾದದ್ದು ಬೆಲ್ಜಿಯಂನಲ್ಲಿ. ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನ ಕೋರ್ಟು ಹಸ್ತಾಂತರಕ್ಕೆ ಒಪ್ಪಿತು. ಬೆಲ್ಜಿಯಂನ ಪ್ರಜೆಯಲ್ಲದವರು ಅಲ್ಲಿ ವಿದೇಶಿಯರೇ, ಕೈಯಲ್ಲಿ ಯಾವ ದ್ವೀಪದ ಪಾಸ್‌ಪೋರ್ಟ್ ಇದ್ದರೂ. ಇನ್ನೊಂದು ಕಡೆ, ಪೌರತ್ವ ಬದಲಿಸದೆಯೇ ಅದೇ ಪ್ರಕರಣದ ಇನ್ನೊಬ್ಬ ಆರೋಪಿ ನೀರವ್ ಮೋದಿ 2019ರಿಂದ ಲಂಡನ್ನಿನ ಜೈಲಿನಲ್ಲಿದ್ದುಕೊಂಡೇ ಹಸ್ತಾಂತರದ ವಿರುದ್ಧ ಹೋರಾಡುತ್ತಾ ಬಂದರು. ಅಂದರೆ ಗುರಾಣಿ ಹಿಡಿಯುವುದು ಇರುವ ಊರಿನ ಕೋರ್ಟು. ಕೊಂಡ ಪಾಸ್‌ಪೋರ್ಟ್ ಕೊಡುವುದು ಕಾಲಾವಕಾಶವನ್ನು.

ತೆರಿಗೆಗೆ ಪಾಸ್‌ಪೋರ್ಟ್ ಬೇಡ, ಕ್ಯಾಲೆಂಡರ್ ಬೇಕು

ಅಮೆರಿಕ ತನ್ನ ಪ್ರಜೆ ಎಲ್ಲೇ ಇದ್ದರೂ ತೆರಿಗೆ ಕೇಳುತ್ತದೆ. ಅದಕ್ಕೇ ಫೇಸ್‌ಬುಕ್‌ನ ಸಹಸಂಸ್ಥಾಪಕ ಎಡ್ವಾರ್ಡೊ ಸವೆರಿನ್ 2011ರಲ್ಲಿ, ಕಂಪನಿಯ ಷೇರು ಮಾರುಕಟ್ಟೆಗೆ ಬರುವ ಕೆಲವು ತಿಂಗಳ ಮೊದಲು, ಅಮೆರಿಕದ ಪೌರತ್ವ ಬಿಟ್ಟಾಗ ಅಷ್ಟು ಗದ್ದಲವೆದ್ದಿತು. ಫ್ರಾನ್ಸಿನ ನಟ ಜೆರಾರ್ಡ್ ಡೆಪಾರ್ಡ್ಯೂ 2013ರ ಜನವರಿಯಲ್ಲಿ ಪುಟಿನ್ ಆದೇಶದ ಮೇಲೆ ರಷ್ಯಾದ ಪಾಸ್‌ಪೋರ್ಟ್ ಪಡೆದದ್ದೂ ತೆರಿಗೆಯ ಜಗಳದ ನಡುವೆಯೇ. ಆದರೆ ಫ್ರಾನ್ಸಿನಲ್ಲಿ ತೆರಿಗೆ ನಿರ್ಧಾರವಾಗುವುದು ವಾಸದಿಂದ. ಆ ಪಾಸ್‌ಪೋರ್ಟ್ ಫೋಟೊಗೆ ಚೆನ್ನಾಗಿತ್ತು, ಅಷ್ಟೆ.

ಭಾರತದ್ದೂ ಮುಖ್ಯವಾಗಿ ದಿನಗಳ ಲೆಕ್ಕ. ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ, ಲೋಕದ ಎಲ್ಲ ಆದಾಯಕ್ಕೂ ತೆರಿಗೆ. ಹೊರಗಿದ್ದು ಬಂದುಹೋಗುವ ಭಾರತೀಯರ ಇಲ್ಲಿನ ಆದಾಯ 15 ಲಕ್ಷ ದಾಟಿದರೆ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರಿಗೆ ಮಿತಿ 120 ದಿನಕ್ಕೆ ಇಳಿಯುತ್ತದೆ. 2020-21ರಿಂದ ಇನ್ನೊಂದು ಬಲೆ ಸೇರಿದೆ: ಇಲ್ಲಿ 15 ಲಕ್ಷಕ್ಕಿಂತ ಹೆಚ್ಚು ಆದಾಯವಿದ್ದು ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು, ಒಂದು ದಿನವೂ ಇಲ್ಲಿರದಿದ್ದರೂ, ನಿವಾಸಿ ಎಂದೇ ಪರಿಗಣಿಸಲಾಗುತ್ತದೆ. ಅವರ ವಿದೇಶಿ ಆದಾಯದ ಬಹುಪಾಲಿಗೆ ಆಗಲೂ ತೆರಿಗೆಯಿಲ್ಲ. ಈ ನಿಯಮದಲ್ಲಿರುವ ಮಾತು ‘ಪ್ರಜೆ’ ಎಂದು. ದುಬೈನಲ್ಲಿ ಗೋಲ್ಡನ್ ವೀಸಾ ಇಟ್ಟುಕೊಂಡವರು ಆಮೇಲೆ ಬೇರೊಂದು ಪಾಸ್‌ಪೋರ್ಟಿನ ಕಡೆ ಕಣ್ಣು ಹಾಯಿಸುವುದಕ್ಕೆ ಇದೂ ಒಂದು ಕಾರಣ.

ಓಡಿಬಂದವರ ಕಾಗದ

ಭಿನ್ನಮತೀಯರ ವಿಷಯದಲ್ಲಿ ಇದೇ ನಾಲ್ಕು ಕಾಗದಗಳು ತಿರುವುಮುರುವಾಗುತ್ತವೆ. ಹಣವಂತರು ಒಂದನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಬಿಡುತ್ತಾರೆ. ಇವರದು ಮೊದಲು ಕಿತ್ತುಹೋಗುತ್ತದೆ, ಹೊಸದು ಯಾವಾಗ ಸಿಕ್ಕೀತೆಂದು ಗೊತ್ತಿರುವುದಿಲ್ಲ. 2013ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಹೊರಟ ಸ್ನೋಡೆನ್ ಮಾಸ್ಕೊದ ಶೆರೆಮೆಟ್ಯೆವೊ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದು ಅಮೆರಿಕ ಅವರ ಪಾಸ್‌ಪೋರ್ಟ್ ರದ್ದು ಮಾಡಿದ್ದರಿಂದ. ಐದು ವಾರ ಮೀರಿ ಅಲ್ಲೇ ಕಳೆದ ಮೇಲೆ ಆಗಸ್ಟ್ 1ರಂದು ಒಂದು ವರ್ಷದ ತಾತ್ಕಾಲಿಕ ಆಶ್ರಯ ಸಿಕ್ಕಿತು. 2014ರಲ್ಲಿ ಮೂರು ವರ್ಷದ ವಾಸ, 2020ರಲ್ಲಿ ಕಾಯಂ ವಾಸ, 2022ರ ಸೆಪ್ಟೆಂಬರ್‌ನಲ್ಲಿ ಪೌರತ್ವ. ಒಂಬತ್ತು ವರ್ಷ, ನಾಲ್ಕು ಮೆಟ್ಟಿಲು. ಬೇರೆ ದೇಶದ ಪೌರತ್ವ ಪಡೆದ ಮಾತ್ರಕ್ಕೆ ಅಮೆರಿಕದ ಪೌರತ್ವ ಹೋಗುವುದಿಲ್ಲ, ಬಿಡುವ ಉದ್ದೇಶವೂ ಇರಬೇಕು. ನಟಿ ರೋಸಿ ಓಡನೆಲ್ ಐರ್ಲೆಂಡಿಗೆ ಹೋದ ಮೇಲೆ ಅವರ ಪೌರತ್ವ ಕಿತ್ತುಕೊಳ್ಳುವ ಮಾತನ್ನು 2025ರ ಜುಲೈನಲ್ಲಿ ಟ್ರಂಪ್ ಆಡಿದಾಗ ಕಾನೂನು ಬಲ್ಲವರು ತೋರಿಸಿದ್ದು 1967ರ ಸುಪ್ರೀಂ ಕೋರ್ಟ್ ತೀರ್ಪನ್ನು: ಪ್ರಜೆ ತಾನಾಗಿ ಬಿಡದ ಹೊರತು ಸರ್ಕಾರ ಕಿತ್ತುಕೊಳ್ಳುವಂತಿಲ್ಲ.

ಎಲ್ಲ ಕಡೆ ಹಾಗಿಲ್ಲ. 2023ರ ಫೆಬ್ರವರಿ 9ರಂದು ನಿಕರಾಗುವಾ 222 ರಾಜಕೀಯ ಕೈದಿಗಳನ್ನು ವಿಮಾನ ಹತ್ತಿಸಿ ಅಮೆರಿಕಕ್ಕೆ ಕಳಿಸಿ ಅವರ ಪೌರತ್ವವನ್ನು ರದ್ದು ಮಾಡಿತು. ವಾರದೊಳಗೆ ಲೇಖಕ ಸೆರ್ಜಿಯೊ ರಮಿರೆಸ್ ಸೇರಿ ಇನ್ನೂ 94 ಮಂದಿಯದು ಹೋಯಿತು. ಬೆಲಾರೂಸ್ ಇನ್ನೂ ಸದ್ದಿಲ್ಲದ ದಾರಿ ಹಿಡಿಯಿತು: ಹೊರಗಿರುವ ತನ್ನ ಪ್ರಜೆಗಳಿಗೆ ರಾಯಭಾರ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಕೊಡುವುದನ್ನು 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿಬಿಟ್ಟಿತು. ಬೇಕಿದ್ದರೆ ಮಿನ್‌ಸ್ಕ್‌ಗೆ ಬನ್ನಿ ಎಂದು ಅರ್ಥ, ಬಂದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು.

ಹೀಗೆ ಹೊರಬಿದ್ದವರಿಗೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಪಾಸ್‌ಪೋರ್ಟಿನ ಬದಲು ಪ್ರಯಾಣ ಪತ್ರ ಕೊಡುತ್ತವೆ. ತವರೊಂದನ್ನು ಬಿಟ್ಟು ಬೇರೆ ಕಡೆ ಹೋಗಲು ಅದು ಸಾಕು. ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಆಶ್ರಯ ಸಿಕ್ಕ ಮೇಲೆ ತವರಿನ ರಾಯಭಾರ ಕಚೇರಿಗೆ ಹೋಗಿ ಹಳೆಯ ಪಾಸ್‌ಪೋರ್ಟ್ ನವೀಕರಿಸಿಕೊಂಡರೆ, ಆ ದೇಶದ ರಕ್ಷಣೆಯನ್ನು ಮತ್ತೆ ಒಪ್ಪಿಕೊಂಡಂತೆ ಎಂದು ಆಶ್ರಯವೇ ರದ್ದಾಗಬಹುದು. ಭಾರತ ಈ ಒಪ್ಪಂದಕ್ಕೂ ಸೇರಿಲ್ಲ. ಅದಕ್ಕೇ 1994ರಲ್ಲಿ ಬಾಂಗ್ಲಾದೇಶ ಬಿಟ್ಟ, ಸ್ವೀಡನ್ನಿನ ಪೌರತ್ವವಿರುವ ಲೇಖಕಿ ತಸ್ಲೀಮಾ ನಸ್ರೀನ್ ದೆಹಲಿಯಲ್ಲಿ ಇರುವುದು ಅವಧಿಗೊಮ್ಮೆ ನವೀಕರಿಸಬೇಕಾದ ಪರವಾನಗಿಯ ಮೇಲೆ. 2024ರ ಜುಲೈನಲ್ಲಿ ಮುಗಿದದ್ದು ನವೀಕರಣಗೊಂಡದ್ದು ಅಕ್ಟೋಬರ್‌ನಲ್ಲಿ, ಅದೂ ಗೃಹ ಸಚಿವರಿಗೆ ಬಹಿರಂಗವಾಗಿ ಮನವಿ ಮಾಡಿದ ಮೇಲೆ.

ಹೋದದ್ದೋ ಹೋಗುವಂತಾದದ್ದೋ ಎಂದು ಹೇಳಲಾಗದ ಪ್ರಕರಣವೂ ನಮ್ಮಲ್ಲಿದೆ. ಚಿತ್ರಕಾರ ಎಂ.ಎಫ್. ಹುಸೇನ್ ಕೇಸುಗಳು, ಬೆದರಿಕೆಗಳ ನಡುವೆ 2006ರಲ್ಲಿ ದೇಶ ಬಿಟ್ಟರು. ಚಿತ್ರಗಳ ಮೇಲಿನ ಕೇಸುಗಳನ್ನು ದೆಹಲಿ ಹೈಕೋರ್ಟ್ 2008ರಲ್ಲಿ ವಜಾ ಮಾಡಿದರೂ ಅವರು ಮರಳಲಿಲ್ಲ. 2010ರಲ್ಲಿ ಕತಾರ್ ಪೌರತ್ವ ಕೊಟ್ಟಿತು, ಮಾರ್ಚ್‌ನಲ್ಲಿ ದೋಹಾದ ಭಾರತೀಯ ರಾಯಭಾರ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ಒಪ್ಪಿಸಿದರು. ಸೆಕ್ಷನ್ 9 ಕೇಳುವುದು ‘ಸ್ವಇಚ್ಛೆಯೇ?’ ಎಂದಷ್ಟೇ. ತೊಂಬತ್ತು ದಾಟಿದ ಮನುಷ್ಯನ ಸ್ವಇಚ್ಛೆ ಹೇಗೆ ರೂಪುಗೊಂಡಿತು ಎಂಬುದಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ.

ಒಸಿಐ: ಹೆಸರಿನಲ್ಲಿ ಪೌರ, ಕಾನೂನಿನಲ್ಲಿ ವಿದೇಶಿ

ದ್ವಿಪೌರತ್ವ ಕೊಡಿ ಎಂದು ಅನಿವಾಸಿಗಳು ಬಹುಕಾಲ ಕೇಳಿದರು. ಎಲ್.ಎಂ. ಸಿಂಘ್ವಿ ಸಮಿತಿಯೂ 2002ರ ವರದಿಯಲ್ಲಿ ಶಿಫಾರಸು ಮಾಡಿತ್ತು. 2003ರ ತಿದ್ದುಪಡಿಯಲ್ಲಿ ಸಿಕ್ಕಿದ್ದು ‘ಸಾಗರೋತ್ತರ ಪೌರತ್ವ’ ಎಂಬ ಹೆಸರು. ಹನ್ನೆರಡು ವರ್ಷಗಳ ಬಳಿಕ, 2015ರ ತಿದ್ದುಪಡಿಯಲ್ಲಿ, ಕಾಯ್ದೆ ಅವರನ್ನು ‘ಸಾಗರೋತ್ತರ ಪೌರ’ ಎನ್ನುವುದನ್ನು ಬಿಟ್ಟು ‘ಸಾಗರೋತ್ತರ ಪೌರ ಕಾರ್ಡ್‌ದಾರ’ ಎಂದು ಕರೆಯತೊಡಗಿತು. ಒಂದೇ ಪದ ಹೆಚ್ಚಿದ್ದು, ಆದರೆ ಒಸಿಐ ಏನೆಂಬುದು ಆ ಪದದಲ್ಲಿದೆ.

ಇದು ಜೀವಮಾನದ ವೀಸಾ. ವೋಟಿಲ್ಲ, ಸರ್ಕಾರಿ ನೌಕರಿಯಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಜಮೀನು, ಚಿಕ್ಕಮಗಳೂರಿನ ಕಾಫಿ ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ಸಂಶೋಧನೆ, ಪತ್ರಿಕಾವೃತ್ತಿ, ಧರ್ಮಪ್ರಚಾರ, ಪರ್ವತಾರೋಹಣಕ್ಕೆ ವಿಶೇಷ ಅನುಮತಿ ಬೇಕು. ವೃತ್ತಿಶಿಕ್ಷಣದಲ್ಲಿ ಎನ್‌ಆರ್‌ಐ ಸೀಟು ಮಾತ್ರ ಎಂದೂ ಅದು ಹೇಳಿತ್ತು. ಆ ದಿನಕ್ಕಿಂತ ಮೊದಲು ಕಾರ್ಡ್ ಪಡೆದಿದ್ದವರಿಗೆ ಈ ನಿರ್ಬಂಧ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಕಾರ್ಡಿನ ಮೇಲಿನ ತಾರೀಕನ್ನು ತಂದೆತಾಯಿಗಳು ಈಗ ಕಣ್ಣಿಟ್ಟು ನೋಡುವುದು ಇದಕ್ಕೇ.

ಜಗಳವಿರುವುದು ಸೆಕ್ಷನ್ 7ಡಿಯಲ್ಲಿ, ಅಂದರೆ ಕಾರ್ಡ್ ರದ್ದು ಮಾಡುವ ಅಧಿಕಾರದಲ್ಲಿ. ಮೋಸದಿಂದ ಪಡೆದದ್ದು, ಸಂವಿಧಾನದ ಬಗ್ಗೆ ಅನಿಷ್ಠೆ ತೋರಿದ್ದು, ಸಾರ್ವಭೌಮತೆ, ಭದ್ರತೆ, ವಿದೇಶ ಸಂಬಂಧ, ‘ಸಾರ್ವಜನಿಕ ಹಿತ’ ಎಲ್ಲವೂ ಕಾರಣಗಳು. 2019ರಲ್ಲಿ ಸರ್ಕಾರ ಅಧಿಸೂಚಿಸುವ ಯಾವುದೇ ಕಾನೂನಿನ ಉಲ್ಲಂಘನೆಯೂ ಸೇರಿತು. 2019ರ ನವೆಂಬರ್‌ನಲ್ಲಿ ಲೇಖಕ ಆತಿಶ್ ತಾಸೀರ್ ಕಾರ್ಡ್ ಹೋಯಿತು. ತಂದೆ ಪಾಕಿಸ್ತಾನ ಮೂಲದವರೆಂಬುದನ್ನು ಮುಚ್ಚಿಟ್ಟರು ಎಂಬುದು ಸರ್ಕಾರ ಕೊಟ್ಟ ಕಾರಣ, ಪ್ರಧಾನಿಯನ್ನು ಟೀಕಿಸಿ ಬರೆದದ್ದೇ ಕಾರಣ ಎಂಬುದು ಅವರ ವಾದ. ಶಿಕಾಗೊದಲ್ಲಿ ಹುಟ್ಟಿದ, ಅಮೆರಿಕದ ಪ್ರಜೆಯಾದ ಚೇತನ್ ಟ್ವೀಟ್‌ಗಳಿಗಾಗಿ 2022 ಮತ್ತು 2023ರಲ್ಲಿ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದರು. 2023ರ ಏಪ್ರಿಲ್‌ನಲ್ಲಿ ಒಸಿಐ ರದ್ದಾದ ಪತ್ರ ಅವರ ಕೈಸೇರಿತು. ಕರ್ನಾಟಕ ಹೈಕೋರ್ಟ್ ಷರತ್ತುಗಳನ್ನು ಹಾಕಿ ತಾತ್ಕಾಲಿಕ ತಡೆ ಕೊಟ್ಟಿತು.

ಕಾರ್ಡ್ ಊರ್ಜಿತವಾಗಿದ್ದರೂ ಒಳಬಿಡದಿರುವುದು ಸಾಧ್ಯ ಎಂಬುದಕ್ಕೆ ಸಾಕ್ಷಿ ಕೆಂಪೇಗೌಡ ವಿಮಾನ ನಿಲ್ದಾಣ. ಸಂವಿಧಾನ ಮತ್ತು ರಾಷ್ಟ್ರೀಯ ಏಕತಾ ಸಮಾವೇಶಕ್ಕೆ ಕರ್ನಾಟಕ ಸರ್ಕಾರವೇ ಆಹ್ವಾನಿಸಿದ್ದ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ನಿತಾಶಾ ಕೌಲ್ 2024ರ ಫೆಬ್ರವರಿ 23ರಂದು ಅಲ್ಲಿ ಇಳಿದರು. ದಿನವಿಡೀ ಕೂರಿಸಿಕೊಂಡು ವಾಪಸ್ ಕಳಿಸಿದರು. ಆಹ್ವಾನ ಕೊಡುವುದು ವಿಧಾನಸೌಧದ ಕೈಯಲ್ಲಿದೆ, ಇಮಿಗ್ರೇಷನ್ ಕೌಂಟರ್ ದೆಹಲಿಯದು. 2025ರ ಮೇನಲ್ಲಿ ಅವರ ಒಸಿಐ ಕೂಡ ರದ್ದಾಯಿತು.

ಸರ್ಕಾರದ ಕಡೆಯ ವಾದ ಸರಳ. ಕಾರ್ಡ್‌ದಾರರು ವಿದೇಶಿಯರು, ವಿದೇಶಿಯರನ್ನು ಒಳಬಿಡುವುದು ಬಿಡದಿರುವುದು ಪ್ರತಿ ಸಾರ್ವಭೌಮ ರಾಷ್ಟ್ರದ ಇಚ್ಛೆ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಇನ್ನೊಂದು ಕಡೆಯ ವಾದಕ್ಕೆ ಇದೇ ಕಾಯ್ದೆಯ ಬೆಂಬಲವಿದೆ: ರದ್ದು ಮಾಡುವ ಮೊದಲು ಅಹವಾಲು ಕೇಳಬೇಕು ಎಂದು ಬರೆದಿಟ್ಟದ್ದು ಸಂಸತ್ತೇ. ವೀಸಾದಂತೆ ಕಾರಣ ಹೇಳದೆ ಕಿತ್ತುಕೊಳ್ಳುವುದಾದರೆ ಆ ಮಾತು ಅಲ್ಲಿರುವುದೇಕೆ? ಸ್ವೀಡನ್ನಿನ ಪ್ರಾಧ್ಯಾಪಕ ಅಶೋಕ್ ಸ್ವೈನ್ ಪ್ರಕರಣ ಈ ಹಗ್ಗಜಗ್ಗಾಟದ ನಕ್ಷೆಯಂತಿದೆ. 2022ರಲ್ಲಿ ಕಾರ್ಡ್ ರದ್ದು. ಆದೇಶದಲ್ಲಿ ಕಾರಣಗಳೇ ಇಲ್ಲ ಎಂದು 2023ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಕಿತ್ತೊಗೆಯಿತು. ಅದೇ ತಿಂಗಳ ಕೊನೆಗೆ ಸರ್ಕಾರದ ಹೊಸ ಆದೇಶ. 2025ರ ಮಾರ್ಚ್‌ನಲ್ಲಿ ಅದನ್ನೂ ಕೋರ್ಟ್ ರದ್ದು ಮಾಡಿ, ಬೇಕಿದ್ದರೆ ಹೊಸದಾಗಿ ನೋಟಿಸ್ ಕೊಡಿ ಎಂದಿತು. ಮೂರು ವರ್ಷ ಕಳೆದರೂ ಮೊದಲ ಮನೆಗೇ ವಾಪಸ್. ಕೋರ್ಟಿನಲ್ಲಿ ಗೆದ್ದವರೂ ಊರಿಗೆ ಬರಲಾಗದೆ ಉಳಿಯುವುದು ಹೀಗೆ. ನೋಟಿಸ್ ಬಂದವರು ಆರೋಪ ಯಾವ ಬರಹ, ಯಾವ ತಾರೀಕಿನದು ಎಂದು ಲಿಖಿತವಾಗಿ ಕೇಳಿ ದಾಖಲೆ ಮಾಡಿಟ್ಟುಕೊಳ್ಳಬೇಕು. ಆದೇಶ ಬಂದರೆ ಪುನರ್‌ಪರಿಶೀಲನೆಗೆ ಇರುವುದು 30 ದಿನ.

ವಾಪಸ್ ಬರುವ ದಾರಿ

ಬಿಟ್ಟು ಹೋದವರಿಗೆ ಬಾಗಿಲು ಮುಚ್ಚಿಲ್ಲ. ಒಸಿಐ ಕಾರ್ಡ್ ಆಗಿ ಐದು ವರ್ಷವಾಗಿದ್ದು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ಇದ್ದವರು ನೋಂದಣಿ ಕೇಳಬಹುದು. ವಿಶೇಷ ಸಂದರ್ಭದಲ್ಲಿ 30 ದಿನಗಳವರೆಗೆ ರಿಯಾಯಿತಿ ಉಂಟು. ಅರ್ಜಿ ಜಿಲ್ಲಾಧಿಕಾರಿ ಮೂಲಕ ಗೃಹ ಸಚಿವಾಲಯಕ್ಕೆ ಹೋಗುತ್ತದೆ, ನಿಷ್ಠೆಯ ಪ್ರಮಾಣ ಆಗುತ್ತದೆ, ವಿದೇಶಿ ಪೌರತ್ವ ಬಿಡಬೇಕಾಗುತ್ತದೆ. ಹೆಚ್ಚಿನವರು ಎಡವುವುದು ಆ 12 ತಿಂಗಳಲ್ಲಿ: ನಡುವೆ ಕೆಲಸಕ್ಕೆಂದು ಎರಡು ಸಲ ಹೋಗಿಬಂದರೂ ಲೆಕ್ಕ ಕೆಡುತ್ತದೆ. ಅಕ್ಷಯ್ ಕುಮಾರ್ ತಮ್ಮ ಭಾರತೀಯ ಪೌರತ್ವದ ಪ್ರಮಾಣಪತ್ರವನ್ನು 2023ರ ಆಗಸ್ಟ್ 15ರಂದು ಪ್ರಕಟಿಸಿದರು. ಪಾಕಿಸ್ತಾನದ ಪ್ರಜೆಯಾಗಿದ್ದ ಗಾಯಕ ಅದ್ನಾನ್ ಸಾಮಿಗೆ ಒಸಿಐ ದಾರಿ ಇರಲಿಲ್ಲ. ದೇಶೀಕರಣದ ಮೂಲಕ 2016ರ ಜನವರಿ 1ರಿಂದ ಭಾರತೀಯರಾದರು.

ಮಕ್ಕಳ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ತಂದೆತಾಯಿ ಘೋಷಣೆ ಬರೆದುಕೊಟ್ಟು ಪೌರತ್ವ ಬಿಟ್ಟಿದ್ದರೆ, ಜೊತೆಗೇ ಪೌರತ್ವ ಕಳೆದುಕೊಂಡ ಮಕ್ಕಳು ವಯಸ್ಕರಾದ ಒಂದು ವರ್ಷದೊಳಗೆ ಅದನ್ನು ಮರಳಿ ಪಡೆಯಬಹುದು. ತಂದೆತಾಯಿಯ ಪೌರತ್ವ ಸೆಕ್ಷನ್ 9ರಲ್ಲಿ ತಾನಾಗಿ ಹೋಗಿದ್ದರೆ ಈ ಅವಕಾಶ ಇಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಹೊರದೇಶದ ಪೌರತ್ವ ಪಡೆದವರಲ್ಲಿ ಹೆಚ್ಚಿನವರದು ಸೆಕ್ಷನ್ 9ರ ದಾರಿಯೇ.

ಆರೋಪಪಟ್ಟಿಯೇ ಸಾಕು

2025ರ ಆಗಸ್ಟ್‌ನಲ್ಲಿ ಗೃಹ ಸಚಿವಾಲಯ ಒಂದು ಚಿಕ್ಕ ಅಧಿಸೂಚನೆ ಹೊರಡಿಸಿತು. ಎರಡು ವರ್ಷ ಅಥವಾ ಹೆಚ್ಚಿನ ಜೈಲುಶಿಕ್ಷೆಯಾದರೆ ಒಸಿಐ ರದ್ದಾಗಬಹುದು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಿರುವ ಅಪರಾಧಕ್ಕೆ ಆರೋಪಪಟ್ಟಿ ಸಲ್ಲಿಕೆಯಾದರೂ ರದ್ದಾಗಬಹುದು. ಮೊದಲನೆಯದಕ್ಕೆ ತಕರಾರು ಎತ್ತುವವರು ಕಡಿಮೆ. ಎರಡನೆಯದರಲ್ಲಿ ನ್ಯಾಯಾಧೀಶರು ಇನ್ನೂ ಬಾಯಿ ತೆರೆದಿರುವುದಿಲ್ಲ. ಆರೋಪಪಟ್ಟಿ ಬರೆಯುವುದು ಪೊಲೀಸರು. ಭಾಷಣಕ್ಕೋ ಬರಹಕ್ಕೋ ಹಾಕುವ ದೊಡ್ಡ ಸೆಕ್ಷನ್‌ಗಳಲ್ಲಿ ಹಲವು ಏಳು ವರ್ಷದ ಗೆರೆಯನ್ನು ದಾಟುತ್ತವೆ.

ಇದರಿಂದ ಹುಟ್ಟುವ ಗಂಟನ್ನು ನೋಡಿ. ಬೆಂಗಳೂರಿನಲ್ಲಿ ನೆಲೆಸಿದ ಕಾರ್ಡ್‌ದಾರರೊಬ್ಬರ ಮೇಲೆ ಆರೋಪಪಟ್ಟಿ ಬಿತ್ತು ಎಂದಿಟ್ಟುಕೊಳ್ಳಿ. ವಿಚಾರಣೆ ಮುಗಿಯುವ ತನಕ ಅವರು ಊರು ಬಿಡಬಾರದು, ಪಾಸ್‌ಪೋರ್ಟನ್ನು ಕೋರ್ಟಿಗೆ ಒಪ್ಪಿಸಬೇಕು ಎಂದು ಜಾಮೀನಿನ ಷರತ್ತು. ಅದೇ ಆರೋಪಪಟ್ಟಿಯ ಆಧಾರದಲ್ಲಿ ಕಾರ್ಡ್ ರದ್ದಾದರೆ ಅವರಿಗೆ ಇಲ್ಲಿರಲು ವೀಸಾ ಬೇಕು, ವೀಸಾ ಕೇಳಲು ಆ ಪಾಸ್‌ಪೋರ್ಟ್ ಬೇಕು. ಕೋರ್ಟಿಗೆ ಅವರು ಇಲ್ಲೇ ಇರಬೇಕು, ಸಚಿವಾಲಯದ ಲೆಕ್ಕದಲ್ಲಿ ಅವರಿಗೆ ಇಲ್ಲಿರುವ ಹಕ್ಕಿಲ್ಲ. ಖುಲಾಸೆಯಾದರೆ ಕಾರ್ಡ್ ಮರಳಿ ಬರುತ್ತದೆಯೇ ಎಂದು ಕೇಳಲು ಮತ್ತೊಂದು ರಿಟ್ ಅರ್ಜಿ ಹಾಕಬೇಕು, ಅಷ್ಟರಲ್ಲಿ ಅವರು ಯಾವ ಊರಿನಲ್ಲಿರುತ್ತಾರೋ ಅಲ್ಲಿಂದ.